ಕೋಟೆಯೊಳಗೇ ಉಳಿದ ಸೈನ್ಯ

ಕುರಿ ಕಾಯುವ ನಾಯಿಗಳಲ್ಲಿ ಬಾರ್ಡರ್ ಕಾಲಿ ಬುದ್ಧಿಗೆ ಹೆಸರಾದ ತಳಿ. ಇಂಗ್ಲೆಂಡು ಸ್ಕಾಟ್ಲೆಂಡುಗಳ ಗಡಿನಾಡು ಅದರ ತವರು. 1893ರಲ್ಲಿ ನಾರ್ಥಂಬರ್ಲೆಂಡಿನಲ್ಲಿ ಹುಟ್ಟಿದ ‘ಓಲ್ಡ್ ಹೆಂಪ್’ ಎಂಬ ಗಂಡುನಾಯಿಯನ್ನು ಆ ತಳಿಯ ಮೂಲಪಿತನೆಂದೇ ಎಣಿಸುತ್ತಾರೆ. ಗದ್ದಲವಿಲ್ಲದೆ, ನೋಟದ ಬಲದಿಂದಲೇ ಮಂದೆಯನ್ನು ಹದ್ದುಬಸ್ತಿನಲ್ಲಿಡುತ್ತಿದ್ದ ಅದರ ಗುಣ ಕುರಿಗಾಹಿಗಳಿಗೆ ಮೆಚ್ಚಾಯಿತು; ಆ ಗುಣ ಕೈತಪ್ಪಬಾರದೆಂದು ಅದರ ಸಂತತಿಯೊಳಗೇ ಮತ್ತೆ ಮತ್ತೆ ಸಂಬಂಧ ಬೆಳೆಸಿದರು. ಹೀಗೆ ಕಟ್ಟಿದ ವಂಶದಲ್ಲಿ ಗುಣ ಗಟ್ಟಿಯಾಗುವಂತೆ ಅಡಗಿದ ದೋಷವೂ ಜೊತೆಗೂಡುತ್ತದೆ. ಅದನ್ನು ಹೆಂಪನ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ.

ಅಂಥ ದೋಷಗಳಲ್ಲೊಂದಕ್ಕೆ ಪಶುವೈದ್ಯರು ಟ್ರ್ಯಾಪ್ಡ್ ನ್ಯೂಟ್ರೊಫಿಲ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ. ನ್ಯೂಟ್ರೊಫಿಲ್ ಎಂದರೆ ರೋಗಾಣುಗಳ ಮೇಲೆ ಮೊದಲು ಬೀಳುವ ಬಿಳಿಯ ರಕ್ತಕಣ. ಅದರ ಹುಟ್ಟು ಅಸ್ಥಿಮಜ್ಜೆಯಲ್ಲಿ, ಕೆಲಸ ನೆತ್ತರಿನಲ್ಲಿ. ಈ ರೋಗವಿರುವ ಮರಿಯ ಮಜ್ಜೆಯಲ್ಲಿ ಕಣಗಳು ಬೇಕಾದಷ್ಟು ಕಿಕ್ಕಿರಿದಿರುತ್ತವೆ. ನೆತ್ತರಿಗೆ ಇಳಿಯುವುದು ಮಾತ್ರ ತೀರ ಕಡಮೆ. ಶತ್ರು ಊರನ್ನು ಸುಡುತ್ತಿರುವಾಗ ಸೈನ್ಯ ಕೋಟೆಯೊಳಗೇ ಉಳಿದಂತೆ! ದಂಡೇ ಇಲ್ಲದ ರಾಜ್ಯಕ್ಕಿಂತ ಇದು ನನಗೆ ಹೆಚ್ಚು ದಾರುಣವಾಗಿ ಕಾಣುತ್ತದೆ.

ಅಂಥ ಮರಿ ಒಡಹುಟ್ಟಿದವುಗಳಿಗಿಂತ ಸಣ್ಣದು, ಮುಖ ಕಿರಿದು. ಜ್ವರ, ಭೇದಿ, ಕೀಲುಮೂಳೆಗಳ ನೋವಿನಿಂದ ಕುಂಟು—ಒಂದು ಮಾಯುವಷ್ಟರಲ್ಲಿ ಇನ್ನೊಂದು. ಔಷಧದಿಂದ ಕೆಲಕಾಲ ಚೇತರಿಸಿಕೊಂಡರೂ ಬಹುಪಾಲು ಮರಿಗಳು ಕೆಲವೇ ತಿಂಗಳುಗಳಲ್ಲಿ ತೀರಿಕೊಳ್ಳುತ್ತವೆ. ‘ಬಡಕಲು ಮರಿ, ಉಳಿಯಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಎಷ್ಟೋ ಮರಿಗಳ ಕಥೆ ಮುಗಿದುಹೋಗಿರಬೇಕು.

2011ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕಾರಣವನ್ನು ಪ್ರಕಟಿಸಿದರು: ವಿಪಿಎಸ್13ಬಿ ಎಂಬ ಜೀನಿನಲ್ಲಿ ಕೇವಲ 4 ಅಕ್ಷರಗಳ ಲೋಪ. ಮನುಷ್ಯರಲ್ಲಿ ಇದೇ ಜೀನು ಕೆಟ್ಟರೆ ಕೊಹೆನ್ ಸಿಂಡ್ರೋಮ್ ಬರುತ್ತದೆ. ಅಲ್ಲಿಯೂ ನೆತ್ತರಿನಲ್ಲಿ ಈ ಕಣಗಳ ಕೊರತೆಯುಂಟು.

ಕೆಟ್ಟ ಪ್ರತಿ ಒಂದೇ ಇರುವ ನಾಯಿ ವಾಹಕ. ಅದಕ್ಕೆ ರೋಗವಿಲ್ಲ, ಮಂದೆಯನ್ನು ಚೆನ್ನಾಗಿಯೇ ಕಾಯುತ್ತದೆ. ಎರಡು ವಾಹಕಗಳು ಕೂಡಿದಾಗ ಪ್ರತಿಯೊಂದು ಮರಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ಹಾಗಾದರೆ ವಾಹಕಗಳನ್ನೆಲ್ಲ ವಂಶದಿಂದ ಹೊರಗಟ್ಟಬೇಕೆ? ನಾನು ಒಪ್ಪಲಾರೆ. ಮೊದಲೇ ಕಿರಿದಾದ ವಂಶವನ್ನು ಇನ್ನೂ ಕಿರಿದುಗೊಳಿಸಿದರೆ ಮತ್ತಾವ ಗುಪ್ತದೋಷ ತಲೆಯೆತ್ತೀತೋ! ವಾಹಕವನ್ನು ನಿರ್ದೋಷಿಯೊಂದಿಗೆ ಕೂಡಿಸಿದರೆ ಮರಿಗಳಲ್ಲಿ ಸುಮಾರು ಅರ್ಧ ವಾಹಕಗಳಾದಾವು. ರೋಗಿ ಒಂದೂ ಹುಟ್ಟದು. ಇದನ್ನು ತಿಳಿಯಲು ಬೇಕಾದುದು ಕೆನ್ನೆಯ ಒಳಭಾಗವನ್ನು ಒರೆಸಿದ ಒಂದು ಹತ್ತಿಕಡ್ಡಿ, ಇಲ್ಲವೆ ತುಸು ನೆತ್ತರು. ಅದೂ ಜೋಡಿ ಕೂಡಿಸುವ ಮೊದಲೇ.