ಹೈಪರ್‌ಮೋಟಾರ್ಡ್: ಒಂದು ಇಟಾಲಿಯನ್ ಮೋಟಾರು ಸೈಕಲ್ಲಿನ ರೂಪ ಮತ್ತು ಸಾಮರ್ಥ್ಯ

“ಹೆಚ್ಚು ಅಶ್ವಶಕ್ತಿಯುಳ್ಳ ವಾಹನವೇ ಮೇಲಾದ ವಾಹನವಲ್ಲವೆ?” ಯಂತ್ರಶಾಸ್ತ್ರದ ಮೊದಲ ಪಾಠಗಳನ್ನು ಹೇಳುವ ಉಪಾಧ್ಯಾಯರಿಗೆ ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ಎದುರಾಗದೆ ಇರದು. ಕೇಳುವ ಹುಡುಗನ ನೋಟುಪುಸ್ತಕದ ಕೊನೆಯ ಪುಟದಲ್ಲಿ ಬಹುಮಟ್ಟಿಗೆ ಒಂದು ಮೋಟಾರು ಸೈಕಲ್ಲಿನ ಚಿತ್ರವೂ ಇರುತ್ತದೆ. ಅಲ್ಲವೆಂದು ಹೇಳಿಬಿಡುವುದು ಸುಲಭ. ಏಕೆ ಅಲ್ಲವೆಂಬುದನ್ನು ಮನಗಾಣಿಸುವುದು ಕಷ್ಟ. ಇಟಲಿಯ ಡುಕಾಟಿ ಕಾರ್ಖಾನೆಯಲ್ಲಿ ರೂಪುಗೊಂಡ ಹೈಪರ್‌ಮೋಟಾರ್ಡ್ ಎಂಬ ವಾಹನವು ಈ ಕಾರ್ಯಕ್ಕೆ ಒಳ್ಳೆಯ ನಿದರ್ಶನವಾದುದರಿಂದ ಅದರ ರಚನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸಲಾಗಿದೆ.

ಈ ಬಗೆಯ ವಾಹನದ ಹುಟ್ಟು ಒಂದು ದೂರದರ್ಶನ ಕಾರ್ಯಕ್ರಮದಲ್ಲಿದೆಯೆಂದರೆ ಆಶ್ಚರ್ಯವಾದೀತು. ರಸ್ತೆ ಪಂದ್ಯದ ಸವಾರ, ಮಣ್ಣಿನ ಅಂಡಾಕಾರದ ಪಥದ ಸವಾರ, ಗುಡ್ಡದಿಣ್ಣೆಗಳ ಮೋಟೋಕ್ರಾಸ್ ಸವಾರ, ಈ ಮೂವರಲ್ಲಿ ನಿಜವಾಗಿ ಯಾರು ಶ್ರೇಷ್ಠರು ಎಂಬ ವಾದವನ್ನು ಬಗೆಹರಿಸಲು ೧೯೭೯ರಲ್ಲಿ ಅಮೆರಿಕದ ಎಬಿಸಿ ದೂರದರ್ಶನ ಸಂಸ್ಥೆಯು ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನಲ್ಲಿ ‘ಸೂಪರ್‌ಬೈಕರ್ಸ್’ ಎಂಬ ಪಂದ್ಯವನ್ನು ಏರ್ಪಡಿಸಿತು. ಪಥದ ಒಂದು ಭಾಗ ಡಾಂಬರು, ಇನ್ನೊಂದು ಭಾಗ ಮಣ್ಣು. ಮಣ್ಣಿನ ಓಟಕ್ಕೆಂದು ಮಾಡಿದ ಹಗುರವಾದ, ಎತ್ತರವಾದ ವಾಹನಗಳಿಗೆ ರಸ್ತೆಯ ಟಯರುಗಳನ್ನು ತೊಡಿಸಿ ಸವಾರರು ಅಲ್ಲಿಗೆ ಬಂದರು. ಅಮೆರಿಕದಲ್ಲಿ ಆ ಕಾರ್ಯಕ್ರಮ ೧೯೮೫ರವರೆಗೆ ನಡೆದು ನಿಂತುಹೋಯಿತಾದರೂ, ಅದರ ಬೀಜವು ಯುರೋಪಿನಲ್ಲಿ, ವಿಶೇಷವಾಗಿ ಫ್ರಾನ್ಸಿನಲ್ಲಿ, ಮೊಳೆತು ‘ಸೂಪರ್‌ಮೋಟಾರ್ಡ್’ ಎಂಬ ಹೆಸರಿನಿಂದ ಬೆಳೆಯಿತು. ಈ ವಾಹನಗಳಲ್ಲಿ ಸಾಮಾನ್ಯವಾಗಿ ಒಂದೇ ಸಿಲಿಂಡರಿನ ಎಂಜಿನ್ನಿರುತ್ತಿತ್ತು. ಪಂದ್ಯಕ್ಕೆ ತಕ್ಕುದಾದರೂ ದಿನನಿತ್ಯದ ರಸ್ತೆಗೆ ಅವು ಅಷ್ಟು ಒಗ್ಗುವಂಥವಾಗಿರಲಿಲ್ಲ.

ಬೊಲೋನ್ಯಾ ನಗರದ ಡುಕಾಟಿ ಸಂಸ್ಥೆ ೧೯೨೬ರಲ್ಲಿ ರೇಡಿಯೊ ಬಿಡಿಭಾಗಗಳ ತಯಾರಿಕೆಗಾಗಿ ಸ್ಥಾಪಿತವಾದುದು. ಎರಡನೆಯ ಮಹಾಯುದ್ಧದಲ್ಲಿ ಬಾಂಬುದಾಳಿಗೆ ತುತ್ತಾಗಿ, ತರುವಾಯ ದ್ವಿಚಕ್ರ ವಾಹನಗಳತ್ತ ತಿರುಗಿತು. ೨೦೦೫ರ ನವೆಂಬರಿನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಅದು ಹೈಪರ್‌ಮೋಟಾರ್ಡಿನ ಮಾದರಿಯನ್ನು ಮುಂದಿಟ್ಟಾಗ, ಆ ಪ್ರದರ್ಶನದ ಅತ್ಯುತ್ತಮ ವಾಹನವೆಂಬ ಮನ್ನಣೆ ಅದಕ್ಕೆ ದೊರೆಯಿತು. ವಿನ್ಯಾಸಕಾರ ದಕ್ಷಿಣ ಆಫ್ರಿಕದ ಪಿಯರ್ ಟೆರ್ಬ್ಲಾಂಶ್. ಈತನು ಅದಕ್ಕೆ ಮುನ್ನ ರೂಪಿಸಿದ ೯೯೯ ಎಂಬ ವಾಹನವು ಪಂದ್ಯಗಳಲ್ಲಿ ಗೆದ್ದರೂ ಅದರ ಮುಖವನ್ನು ಡುಕಾಟಿಯ ಅಭಿಮಾನಿಗಳು ಒಪ್ಪಿರಲಿಲ್ಲ. ನಿಂದೆಯೆಲ್ಲ ವಿನ್ಯಾಸಕಾರನ ತಲೆಗೆ ಬಂದಿತ್ತು. ಅದೇ ಕೈಯಿಂದ ಬಂದ ಈ ಹೊಸ ರೂಪಕ್ಕೆ ಜನ ತಲೆದೂಗಿದರು. (ಈತ ಮುಂದೆ ಕೆಲಕಾಲ ನಮ್ಮ ದೇಶದ ರಾಯಲ್ ಎನ್‌ಫೀಲ್ಡ್ ಸಂಸ್ಥೆಗೂ ಕೆಲಸ ಮಾಡಿದನೆಂಬುದನ್ನು ಇಲ್ಲಿ ನೆನೆಯಬಹುದು.) ೨೦೦೭ರಲ್ಲಿ ಹೈಪರ್‌ಮೋಟಾರ್ಡ್ ೧೧೦೦ ಮಾರಾಟಕ್ಕೆ ಬಂದಿತು.

ಅದರ ರೂಪದಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಕ್ಕಿಯ ಕೊಕ್ಕಿನಂತೆ ಮುಂಚಾಚಿದ ಮುಂಭಾಗ. ಗಾಳಿತಡೆಯಿಲ್ಲ, ಹೊದಿಕೆಯಿಲ್ಲ, ಎಂಜಿನ್ನು, ಚೌಕಟ್ಟು ಎಲ್ಲವೂ ಬಯಲಿಗೇ ಕಾಣುತ್ತವೆ. ಚೌಕಟ್ಟು ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಬೆಸೆದು ಮಾಡಿದುದು. ನಾಲ್ಕು ಕೋಲುಗಳ ಚೌಕವನ್ನು ಒತ್ತಿದರೆ ಅದು ಓರೆಯಾಗುತ್ತದೆ, ಮೂರು ಕೋಲುಗಳ ತ್ರಿಕೋನ ಕದಲುವುದಿಲ್ಲ ಎಂದು ನಾವು ತರಗತಿಯಲ್ಲಿ ರೈಲ್ವೆ ಸೇತುವೆಯನ್ನು ತೋರಿಸಿ ಹೇಳುವ ತತ್ತ್ವವೇ ಇಲ್ಲಿಯೂ ಇದೆ. ಹಿಂಚಕ್ರವನ್ನು ಒಂದೇ ಬದಿಯ ತೋಳು ಹಿಡಿದಿರುವುದರಿಂದ ಮತ್ತೊಂದು ಬದಿಯಿಂದ ಚಕ್ರ ಪೂರ್ಣವಾಗಿ ಕಾಣುತ್ತದೆ. ಹೊಗೆಕೊಳವೆಗಳು ಆಸನದ ಕೆಳಗಿವೆ. ಆಸನದ ಎತ್ತರ ೮೪೫ ಮಿಲಿಮೀಟರು. ಹಿಡಿಕೆ ಅಗಲ. ಸವಾರನು ಹಿಂದಕ್ಕೆ ಒರಗದೆ, ಮುಂದಕ್ಕೆ ಬಾಗದೆ, ನೆಟ್ಟಗೆ ಕುಳಿತು ಮುಂಚಕ್ರದ ಸಮೀಪಕ್ಕೆ ಬರುತ್ತಾನೆ. ಅಗಲವಾದ ಹಿಡಿಕೆ ಸನ್ನೆಗೋಲಿನಂತೆ ವರ್ತಿಸುವುದರಿಂದ ಅಲ್ಪ ಬಲದಿಂದಲೇ ವಾಹನವನ್ನು ತಿರುವಿಗೆ ವಾಲಿಸಬಹುದು. ಮುಂಚಕ್ರದ ಮೇಲೆ ಭಾರ ಬೀಳುವುದರಿಂದ ಅದರ ಹಿಡಿತದ ಅರಿವು ಸವಾರನಿಗೆ ಕೂಡಲೆ ತಿಳಿಯುತ್ತದೆ.

ಇನ್ನು ಎಂಜಿನ್ನು. ೧೦೭೮ ಘನ ಸೆಂಟಿಮೀಟರಿನ, ಗಾಳಿಯಿಂದಲೇ ತಣಿಯುವ ಎರಡು ಸಿಲಿಂಡರುಗಳು ಪರಸ್ಪರ ಲಂಬಕೋನದಲ್ಲಿವೆ. ಒಂದು ಹೆಚ್ಚುಕಡಿಮೆ ಮಲಗಿದೆ, ಒಂದು ನಿಂತಿದೆ. ಈ ಕೋನದಿಂದ ಪಿಸ್ಟನ್ನುಗಳ ಓಡಾಟದ ಮುಖ್ಯ ಅದಿರಾಟವನ್ನು ತಿರುಗುವ ತೂಕಗಳಿಂದಲೇ ಸರಿದೂಗಿಸಲು ಸಾಧ್ಯ. ಆದರೆ ಇದರ ನಿಜವಾದ ವೈಶಿಷ್ಟ್ಯವಿರುವುದು ಕವಾಟಗಳಲ್ಲಿ. ಸಾಮಾನ್ಯ ಎಂಜಿನ್ನಿನಲ್ಲಿ ಕ್ಯಾಮ್ ಎಂಬ ಉಬ್ಬುಚಕ್ರವು ಕವಾಟವನ್ನು ತಳ್ಳಿ ತೆರೆಯುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. ಎಂಜಿನ್ನು ನಿಮಿಷಕ್ಕೆ ೭೭೫೦ ಸುತ್ತು ತಿರುಗುವಾಗ ಪ್ರತಿಯೊಂದು ಕವಾಟವೂ ಅದರ ಅರ್ಧದಷ್ಟು, ಎಂದರೆ ೩೮೭೫ ಬಾರಿ, ತೆರೆದು ಮುಚ್ಚಬೇಕು. ಸೆಕೆಂಡಿಗೆ ಅರವತ್ತನಾಲ್ಕು ಬಾರಿಗೂ ಮಿಗಿಲು! ಇಂಥ ವೇಗದಲ್ಲಿ ಸ್ಪ್ರಿಂಗು ಹಿಂದೆ ಬಿದ್ದರೆ ಕವಾಟವು ಕ್ಯಾಮಿನ ಮೇಲ್ಮೈಯನ್ನು ಬಿಟ್ಟು ತೇಲುತ್ತದೆ, ಕೆಲವೊಮ್ಮೆ ಪಿಸ್ಟನ್ನಿಗೇ ಬಡಿಯುತ್ತದೆ. ಏಳು ದಶಕಗಳ ಹಿಂದಿನ ಸ್ಪ್ರಿಂಗುಗಳ ಉಕ್ಕು ಈಗಿನಷ್ಟು ಉತ್ತಮವಾಗಿರಲಿಲ್ಲವಾದ್ದರಿಂದ ಅವು ಮುರಿಯುವುದೂ ಉಂಟು.

೧೯೫೪ರಲ್ಲಿ ಡುಕಾಟಿಯನ್ನು ಸೇರಿದ ಎಂಜಿನಿಯರ್ ಫಾಬಿಯೊ ತಾಲ್ಯೋನಿ ಇದಕ್ಕೆ ಕಂಡುಕೊಂಡ ಪರಿಹಾರ, ಮುಚ್ಚುವ ಕೆಲಸವನ್ನೂ ಕ್ಯಾಮಿಗೇ ಒಪ್ಪಿಸುವುದು. ಒಂದು ಉಬ್ಬು ಒಂದು ಸನ್ನೆಯ ಮೂಲಕ ಕವಾಟವನ್ನು ತೆರೆದರೆ, ಇನ್ನೊಂದು ಉಬ್ಬು ಮತ್ತೊಂದು ಸನ್ನೆಯ ಮೂಲಕ ಅದನ್ನು ಎಳೆದು ಮುಚ್ಚುತ್ತದೆ. ಇದೇ ಡೆಸ್ಮೊಡ್ರೋಮಿಕ್ ವಿಧಾನ. ಬಂಧನವೆಂದೂ ಓಟವೆಂದೂ ಅರ್ಥವಿರುವ ಎರಡು ಗ್ರೀಕ್ ಪದಗಳ ಸಮಾಸ. ಈ ಕಲ್ಪನೆ ತಾಲ್ಯೋನಿಯದೇ ಅಲ್ಲ. ಮರ್ಸಿಡಿಸ್ ಸಂಸ್ಥೆಯು ೧೯೫೪ರ ತನ್ನ ಪಂದ್ಯದ ಕಾರಿನಲ್ಲಿ ಇದನ್ನು ಬಳಸಿತ್ತು. ಆದರೆ ಮರ್ಸಿಡಿಸ್ ಅದನ್ನು ಕೈಬಿಟ್ಟಿತು, ತಾಲ್ಯೋನಿ ಬಿಡಲಿಲ್ಲ. ೧೯೫೬ರ ಸ್ವೀಡನ್ನಿನ ಪಂದ್ಯದಲ್ಲಿ ಆತನ ೧೨೫ ಘನ ಸೆಂಟಿಮೀಟರಿನ ವಾಹನವು ಜ್ಯಾನ್ನಿ ದೆಲ್ಯಿ ಆಂತೋನಿ ಎಂಬ ಸವಾರನಿಂದ ಗೆಲುವು ಕಂಡಿತು. ದುರ್ದೈವದಿಂದ ಆ ಸವಾರ ಕೆಲವೇ ವಾರಗಳಲ್ಲಿ ಮೊಂಝಾದ ಪಥದಲ್ಲಿ ಅಸುನೀಗಿದನು. ೧೯೬೮ರಿಂದ ಈ ವಿಧಾನ ಸಾಮಾನ್ಯ ರಸ್ತೆಯ ಡುಕಾಟಿಗಳಿಗೂ ಬಂದಿತು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಹೈಪರ್‌ಮೋಟಾರ್ಡ್ ೧೧೦೦ರ ಗರಿಷ್ಠ ಶಕ್ತಿ ೭೭೫೦ ಸುತ್ತಿನಲ್ಲಿ ೯೦ ಅಶ್ವಶಕ್ತಿ. ಆ ಕಾಲದ ಪಂದ್ಯಮಾದರಿಯ ವಾಹನಗಳ ಮುಂದೆ ಇದು ಹೆಚ್ಚೇನಲ್ಲ. ಆದರೆ ಅದರ ತಿರುಚುಬಲವನ್ನು ನೋಡಿರಿ: ೪೭೫೦ ಸುತ್ತಿನಲ್ಲೇ ೧೦೩ ನ್ಯೂಟನ್ ಮೀಟರು. ಶಕ್ತಿಯೆಂಬುದು ತಿರುಚುಬಲ ಮತ್ತು ಕೋನವೇಗಗಳ ಗುಣಲಬ್ಧ. ೪೭೫೦ ಸುತ್ತೆಂದರೆ ಸೆಕೆಂಡಿಗೆ ಸುಮಾರು ೪೯೭ ರೇಡಿಯನ್. ಇದನ್ನು ೧೦೩ರಿಂದ ಗುಣಿಸಿದರೆ ೫೧ ಸಾವಿರ ವ್ಯಾಟಿಗೆ ಮೀರಿದ, ಅಂದರೆ ಸುಮಾರು ೭೦ ಅಶ್ವಶಕ್ತಿಯ ಲೆಕ್ಕ ಸಿಗುತ್ತದೆ. ಗರಿಷ್ಠ ವೇಗದ ಮೂರರಲ್ಲಿ ಎರಡು ಪಾಲನ್ನೂ ಮುಟ್ಟುವ ಮೊದಲೇ ಮುಕ್ಕಾಲು ಪಾಲಿಗಿಂತ ಹೆಚ್ಚು ಶಕ್ತಿ ಕೈಗೆ ಬಂದಿರುತ್ತದೆ. ಇಂಧನವಿಲ್ಲದೆ ೧೭೯ ಕಿಲೋಗ್ರಾಂ ತೂಗುವ ವಾಹನಕ್ಕೆ, ತಿರುವು ಕಳೆದು ಮೇಲೇಳುವ ಕ್ಷಣದಲ್ಲಿ ಬೇಕಾದುದು ಇದೇ. ಎಂಜಿನ್ನನ್ನು ಕಿರಿಚಿಸಿದಾಗ ಮಾತ್ರ ಹೊರಬರುವ ೧೫೦ ಅಶ್ವಶಕ್ತಿ ಅಲ್ಲಿ ಸವಾರನಿಗೆ ಅಷ್ಟಾಗಿ ನೆರವಾಗದು. ಕರಿಹಲಗೆಯ ಮೇಲೆ ಈ ಲೆಕ್ಕ ಮಾಡಿ ತೋರಿಸಿದಾಗಲೇ ಹುಡುಗರ ಮುಖದಲ್ಲಿ ಬೆಳಕು ಮೂಡುವುದನ್ನು ನಾನು ಕಂಡಿದ್ದೇನೆ.

ಗುಣವನ್ನು ಹೇಳಿ ದೋಷವನ್ನು ಮರೆಮಾಚುವುದು ಸಲ್ಲದು. ರೂಪದ ಮೋಹಕ್ಕೆ ಈ ವಾಹನ ಬೆಲೆ ತೆತ್ತಿದೆ. ಇಂಧನದ ತೊಟ್ಟಿ ೧೨.೪ ಲೀಟರು ಮಾತ್ರ. ಲೀಟರಿಗೆ ಹದಿನೈದು ಕಿಲೋಮೀಟರೆಂದರೂ ಇನ್ನೂರು ಕಿಲೋಮೀಟರು ದಾಟದು. ಕೈಗಾಪಿನ ತುದಿಯಲ್ಲಿ ಮಡಚುವ ಕನ್ನಡಿಗಳು ಪ್ರದರ್ಶನದ ವೇದಿಕೆಯಲ್ಲಿ ಎಲ್ಲರ ಮೆಚ್ಚುಗೆ ಗಳಿಸಿದವು. ಬಿಚ್ಚಿದಾಗ ವಾಹನದ ಅಗಲವನ್ನು ಹೆಚ್ಚಿಸಿ ಸಂದಣಿಯ ರಸ್ತೆಯಲ್ಲಿ ತೊಡಕಾದವು. ಗಾಳಿತಡೆಯಿಲ್ಲದ್ದರಿಂದ ಹೆದ್ದಾರಿಯ ವೇಗದಲ್ಲಿ ಗಾಳಿಯ ಒತ್ತಡವೆಲ್ಲ ಸವಾರನ ಎದೆಯ ಮೇಲೆಯೇ. ಎತ್ತರವಾದ ಆಸನ ಕುಳ್ಳರಿಗೆ ಒದಗದು. ಡೆಸ್ಮೊ ಕವಾಟಗಳ ತೆರೆಯುವ ಸಂದು, ಮುಚ್ಚುವ ಸಂದು ಎರಡನ್ನೂ ಆಗಾಗ್ಗೆ ಅಳೆದು ಸರಿಪಡಿಸಬೇಕಾಗುವುದರಿಂದ ಪಳಗಿದ ಕೈ ಬೇಕು, ಹಣವೂ ಬೇಕು. ನನ್ನ ಅಭಿಪ್ರಾಯದಲ್ಲಿ ಕನ್ನಡಿಯ ದೋಷ ಕ್ಷಮಿಸತಕ್ಕದ್ದಲ್ಲ. ಉಳಿದವು ಆ ವಾಹನದ ಉದ್ದೇಶದಿಂದಲೇ ಹುಟ್ಟಿದವು.

ಮುಂದಿನ ವರ್ಷಗಳಲ್ಲಿ ಹೈಪರ್‌ಮೋಟಾರ್ಡ್ ಬಹಳ ಬದಲಾಯಿತು. ೨೦೧೦ರ ಸುಮಾರಿಗೆ ೮೦೩ ಘನ ಸೆಂಟಿಮೀಟರಿನ ಕಿರಿಯ ವಾಹನ ಬಂದಿತು. ೨೦೧೩ರಲ್ಲಿ ನೀರಿನಿಂದ ತಣಿಯುವ ೮೨೧ ಘನ ಸೆಂಟಿಮೀಟರಿನ, ೧೧೦ ಅಶ್ವಶಕ್ತಿಯ ಎಂಜಿನ್ನನ್ನು ಅಳವಡಿಸಲಾಯಿತು. ೨೦೨೩ರ ಕೊನೆಯಲ್ಲಿ ಪ್ರಕಟವಾದ ೬೯೮ ಮೊನೊ ಮತ್ತೆ ಒಂದೇ ಸಿಲಿಂಡರಿಗೆ, ಎಂದರೆ ಸೂಪರ್‌ಮೋಟಾರ್ಡಿನ ಮೂಲಕ್ಕೆ, ಮರಳಿತು. ಅದರ ಪಿಸ್ಟನ್ನಿನ ವ್ಯಾಸ ೧೧೬ ಮಿಲಿಮೀಟರು, ಓಟ ಕೇವಲ ೬೨.೪ ಮಿಲಿಮೀಟರು, ೬೫೯ ಘನ ಸೆಂಟಿಮೀಟರಿನಿಂದ ೭೭.೫ ಅಶ್ವಶಕ್ತಿ. ಅಷ್ಟು ದೊಡ್ಡ ಒಂಟಿ ಪಿಸ್ಟನ್ನಿನ ಅದಿರಾಟವನ್ನು ತಗ್ಗಿಸಲು ಎರಡು ಸಮತೋಲನ ದಂಡಗಳಿವೆ. ಕವಾಟಗಳ ಪರಿಶೀಲನೆ ಮೂವತ್ತು ಸಾವಿರ ಕಿಲೋಮೀಟರಿಗೊಮ್ಮೆ ಸಾಕು.

ಈ ನಡುವೆ ಡುಕಾಟಿಯೇ ೨೦೨೦ರಲ್ಲಿ ತನ್ನ ನಾಲ್ಕು ಸಿಲಿಂಡರಿನ ಪ್ರವಾಸಿ ಎಂಜಿನ್ನಿನಲ್ಲಿ ಡೆಸ್ಮೊ ವಿಧಾನವನ್ನು ಬಿಟ್ಟು ಸ್ಪ್ರಿಂಗಿಗೆ ಮರಳಿತು. ಅದರ ಕವಾಟಗಳನ್ನು ಅರವತ್ತು ಸಾವಿರ ಕಿಲೋಮೀಟರಿನವರೆಗೆ ಮುಟ್ಟಬೇಕಾಗಿಲ್ಲ. ೨೦೨೪ರಲ್ಲಿ ಬಂದ ೮೯೦ ಘನ ಸೆಂಟಿಮೀಟರಿನ ಎರಡು ಸಿಲಿಂಡರಿನ ಎಂಜಿನ್ನಿನಲ್ಲೂ ಸ್ಪ್ರಿಂಗುಗಳೇ ಇವೆ. ತಾಲ್ಯೋನಿಯ ಕಾಲದಲ್ಲಿ ಮುರಿಯುತ್ತಿದ್ದ ಉಕ್ಕು ಈಗ ಮುರಿಯುವುದಿಲ್ಲ. ೬೯೮ ಮೊನೊದಲ್ಲಿ ಮಾತ್ರ ನಾಲ್ಕೂ ಕವಾಟಗಳನ್ನು ಮುಚ್ಚುವುದು ಆತನ ಸನ್ನೆಗಳೇ.