ಚಿತ್ರಕಥೆಗೆ ನಮ್ಮೂರ ಶಾಲೆಯೇ ಪಾಠ

ಸಿನಿಮಾ ನೋಡಿ ಬಂದವರು ನಟರನ್ನು ಹೊಗಳುವುದುಂಟು. ಕಥೆ ಕಟ್ಟಿದ ಬಗೆಯನ್ನು ಗಮನಿಸುವವರು ವಿರಳ. ಚಿತ್ರಕಥೆ ಬರೆಯಲು ಹಂಬಲಿಸುವ ನಮ್ಮ ಮಕ್ಕಳ ಕಲಿಕೆ ಅಲ್ಲಿಂದಲೇ ಆರಂಭವಾಗಬೇಕು.

ರಿಷಬ್ ಶೆಟ್ಟಿಯವರು ನಿರ್ದೇಶಿಸಿ 2018ರಲ್ಲಿ ತೆರೆಕಂಡ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಚಿತ್ರವನ್ನೇ ತೆಗೆದುಕೊಳ್ಳೋಣ. ಮೊದಲು ಮಕ್ಕಳ ತುಂಟಾಟ. ಆ ಮಕ್ಕಳು ನಮ್ಮವರೆನಿಸಿದ ಮೇಲೆ ಕನ್ನಡ ಶಾಲೆಗೆ ಬೀಗ. ಅನಂತರ ಅನಂತನಾಗ್ ಅವರ ಪ್ರವೇಶ, ನ್ಯಾಯಾಲಯದ ವಾದ, ತೀರ್ಪು. ಪರಿಚಯ, ತೊಡಕು, ಪರಿಹಾರವೆಂಬ ಮೂರು ಘಟ್ಟಗಳು ಇವೇ. ಬೀಗವನ್ನು ಮೊದಲ ದೃಶ್ಯದಲ್ಲೇ ಜಡಿದಿದ್ದರೆ ಅದು ಬರಿಯ ಸುದ್ದಿಯಾಗುತ್ತಿತ್ತು, ನಮ್ಮ ನೋವಾಗುತ್ತಿರಲಿಲ್ಲ.

ಪ್ರಕಾರವೆಂದರೆ ಪ್ರೇಕ್ಷಕನಿಗೆ ಕೊಟ್ಟ ಮಾತು. ಹಾಸ್ಯವೆಂದು ಕರೆದವನು ನಗಿಸಬೇಕು. ನ್ಯಾಯಾಲಯಕ್ಕೆ ಕರೆದೊಯ್ದವನು ವಾದವನ್ನು ಗೆಲ್ಲಿಸಬೇಕು, ಇಲ್ಲವೇ ಸೋಲಿಗೆ ಕಾರಣ ತೋರಿಸಬೇಕು. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ಕಂಡು ಬೆಳೆದ ನಮಗೆ ಇದು ಹೊಸತಲ್ಲ. ಒಡ್ಡೋಲಗ ಎಲ್ಲಿ, ಯುದ್ಧ ಎಲ್ಲಿ, ಮಂಗಳ ಎಲ್ಲಿ ಎಂಬುದನ್ನು ಬಯಲಾಟವೇ ಕಲಿಸಿದೆ.

ಮನೆಮಕ್ಕಳು ಒಂದು ಚಿತ್ರವನ್ನು ಎರಡು ಬಾರಿ ನೋಡಲಿ. ಎರಡನೆಯ ಬಾರಿ ದೃಶ್ಯಕ್ಕೊಂದು ವಾಕ್ಯದಂತೆ ಬರೆದಿಡಲಿ. ಯಾರಿಗೆ ಏನು ಬೇಕು, ಅಡ್ಡಿ ಯಾವುದು ಎಂಬುದು ತಾನಾಗಿ ಗೋಚರಿಸುತ್ತದೆ.

ಕುಂದಾಪುರ ಕಡೆಯ ನಿರ್ದೇಶಕರೊಬ್ಬರು ಪ್ರೀತಿಯಿಂದ ನಮ್ಮ ಶಾಲೆಯ ಕಥೆ ಹೇಳಿದರು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಮುಂದಿನ ಕಥೆಯನ್ನು ಈ ಶಾಲೆಗಳಲ್ಲಿ ಓದಿದವರೇ ಬರೆಯಲಿ. ಅದಕ್ಕೆ ಶಾಲೆಯೂ ಉಳಿಯಬೇಕು, ಬರೆಯುವ ಕೈಯೂ ಪಳಗಬೇಕು.