ಕುಣಿಯೋಕೊಂದು ಜಾಗ, ಅಡಗೋಕೊಂದು ಮೂಲೆ

ಮನೆಯಲ್ಲಿ ಮಕ್ಕಳಿಗೊಂದು ಜಾಗ ಅಂದರೆ ಹೆಚ್ಚಿನವರಿಗೆ ನೆನಪಾಗೋದು ಓದುವ ಮೇಜು. ಕುಣಿದು ಕುಪ್ಪಳಿಸೋಕೆ, ಗದ್ದಲ ತಡೆಯಲಾರದಾಗ ಅಡಗಿ ಕೂರೋಕೆ ಕೂಡ ಜಾಗ ಬೇಕು ಅನ್ನೋದು ಹೊಳೆಯೋದೇ ಕಡಿಮೆ. ನಮಗೂ ಅದು ತಾನಾಗಿ ಹೊಳೆದದ್ದಲ್ಲ.

ನಮ್ಮ ಆರು ವರ್ಷದ ಮಗನಿಗೆ ಮಿಕ್ಸಿ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಓಡುವಷ್ಟು ಕಷ್ಟ. ಅದೇ ಹುಡುಗ ಸಂಜೆ ಸೋಫಾ ಮೇಲಿಂದ ಇಪ್ಪತ್ತು ಸಲ ಧುಮುಕ್ತಾನೆ. ನೆಂಟರು 'ಹಠಮಾರಿ' ಅಂದರು, 'ಮುದ್ದು ಹೆಚ್ಚಾಯ್ತು' ಅಂದರು. ಒಂದು ರಾತ್ರಿ ಅವನೇ "ಅಮ್ಮಾ, ನಾನು ಕೆಟ್ಟ ಹುಡುಗಾನಾ?" ಅಂತ ಕೇಳಿದ. ಆ ವಾರವೇ ಮಕ್ಕಳ ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರ ಹತ್ತಿರ ಹೋದೆವು.

ಅವರು ಹೇಳಿದ ವಿಷಯ ಸರಳ. ಶಾಲೆಯಲ್ಲಿ ಕಲಿಸುವ ಐದು ಇಂದ್ರಿಯಗಳ ಜೊತೆಗೆ ಇನ್ನೂ ಎರಡು ಇವೆ: ಒಳಗಿವಿಯಲ್ಲಿರುವ ಸಮತೋಲನದ ಅರಿವು, ಸ್ನಾಯು-ಕೀಲುಗಳ ಮೂಲಕ ಬರುವ ದೇಹದ ಅರಿವು. ಈ ಎಲ್ಲ ಸುದ್ದಿಯನ್ನು ಮಿದುಳು ಹೇಗೆ ಜೋಡಿಸಿಕೊಳ್ಳುತ್ತೆ ಅನ್ನುವುದರ ಮೇಲೆ ಅಮೆರಿಕದ ಜೀನ್ ಏರ್ಸ್ ಅನ್ನುವ ಥೆರಪಿಸ್ಟ್ ಬಹಳ ಕೆಲಸ ಮಾಡಿ, 1979ರಲ್ಲಿ ಅಪ್ಪ-ಅಮ್ಮಂದಿರಿಗಾಗಿಯೇ ಒಂದು ಪುಸ್ತಕ ಬರೆದರು. ಒಂದೇ ಮಗುವಿಗೆ ಸದ್ದು ಅತಿಯಾಗಿ ತಾಗಬಹುದು, ಕುಣಿತ ಎಷ್ಟಿದ್ದರೂ ಸಾಲದೆ ಹೋಗಬಹುದು. ಅದು ಹಠ ಅಲ್ಲ.

ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಆನ್‌ಲೈನಲ್ಲಿ ಸಿಗುವ ಸಾವಿರಾರು ರೂಪಾಯಿಯ ಸೆನ್ಸರಿ ಕಿಟ್ ಏನನ್ನೂ ತರಲಿಲ್ಲ. ಹಾಲ್‌ನಿಂದ ಬೆಡ್‌ರೂಮಿಗೆ ಹೋಗುವ ಓಣಿಯೇ ಕುಣಿಯುವ ಜಾಗ. ನೆಲಕ್ಕೆ ಟೇಪ್ ಅಂಟಿಸಿ ಕುಂಟೆಬಿಲ್ಲೆ ಮನೆ ಬರೆದೆವು. ಕೊನೆಯಲ್ಲಿ ಹಳೇ ಹಾಸಿಗೆ. ಧುಮುಕೋದೆಲ್ಲ ಅದರ ಮೇಲೆ. ಹಳೇ ಪೇಪರ್ ತುಂಬಿದ ರಟ್ಟಿನ ಪೆಟ್ಟಿಗೆಯನ್ನು ಈ ತುದಿಯಿಂದ ಆ ತುದಿಗೆ ತಳ್ಳೋದು ಅವನ ಲಾರಿ ಆಟ.

ಆದರೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಮನೆಗೆಲಸ. ತಳ್ಳುವ, ಎಳೆಯುವ, ಹೊರುವ ಕೆಲಸ ಸ್ನಾಯುಗಳಿಗೆ ಚೆನ್ನಾಗಿ ತಾಗಿ ಎಷ್ಟೋ ಮಕ್ಕಳನ್ನು ತಣ್ಣಗೆ ಮಾಡುತ್ತೆ. ಚಪಾತಿ ಹಿಟ್ಟು ನಾದೋದು, ಒದ್ದೆ ಟವೆಲ್ ಹಿಂಡೋದು, ಈರುಳ್ಳಿ ಚೀಲ ಹೊತ್ತು ತರೋದು. (ಹಿಟ್ಟು ಅಡುಗೆಮನೆ ಗೋಡೆಗೂ ಹತ್ತುತ್ತೆ, ಇರಲಿ ಬಿಡಿ.) ಉಯ್ಯಾಲೆ ಇದ್ದವರಿಗೆ ಒಂದು ಮಾತು: ಹಿಂದೆ-ಮುಂದೆ ನಿಧಾನವಾಗಿ ತೂಗಿದರೆ ಸಾಮಾನ್ಯವಾಗಿ ಮಗು ಸಮಾಧಾನವಾಗುತ್ತೆ, ಗಿರಗಿರ ತಿರುಗಿಸಿದರೆ ಇನ್ನಷ್ಟು ಕೆರಳುತ್ತೆ. ತೊಟ್ಟಿಲು ತೂಗಿದ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಡಗುವ ಮೂಲೆ ಇನ್ನೂ ಚಿಕ್ಕದು. ಬೀರು ಮತ್ತು ಗೋಡೆಯ ನಡುವೆ ಮೂರಡಿ ಜಾಗ, ಮುಂದೆ ಹಳೇ ಕಾಟನ್ ಸೀರೆಯ ಪರದೆ, ಒಳಗೊಂದು ದಿಂಬು, ಮಂದ ದೀಪ, ಹುಬ್ಬಳ್ಳಿಯಿಂದ ಬಂದ ನಮ್ಮಜ್ಜಿಯ ಕೌದಿ. ಹಳೇ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿದ ಕೌದಿಗೆ ಒಳ್ಳೇ ಭಾರ ಇರುತ್ತೆ. ಹೊದ್ದುಕೊಂಡರೆ ಯಾರೋ ತಬ್ಬಿಕೊಂಡ ಹಾಗೆ. ಆಟಿಕೆ ತುಂಬಬೇಡಿ, ಒಂದೋ ಎರಡೋ ಸಾಕು. ಮೂಲೆ ಅಡುಗೆಮನೆಯಿಂದ ದೂರ ಇದ್ದಷ್ಟೂ ಒಳ್ಳೇದು.

ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ: ಆ ಮೂಲೆ ಶಿಕ್ಷೆಯ ಜಾಗ ಆಗಕೂಡದು. ಸಿಟ್ಟಿನಲ್ಲಿ ಒಂದೇ ಒಂದು ಸಲ "ಹೋಗು, ಅಲ್ಲಿ ಕೂತ್ಕೋ" ಅಂದರೂ ಅದು ಜೈಲಾಗುತ್ತೆ. ಅವನು ಒಳಗಿದ್ದಾಗ ಯಾರೂ ಪ್ರಶ್ನೆ ಕೇಳೋ ಹಾಗಿಲ್ಲ, ಊಟಕ್ಕೂ ಕರೆಯೋ ಹಾಗಿಲ್ಲ. ಮಾವನವರಿಗೆ ಇದನ್ನು ಒಪ್ಪಿಸೋಕೆ ಎರಡು ತಿಂಗಳು ಬೇಕಾಯ್ತು.

ಶಾಲೆಯಿಂದ ಬಂದ ಕೂಡಲೇ ಮೂಲೆಗೆ ಕಳಿಸಿದರೆ ಅವನಿಗೆ ಆಗಲ್ಲ. ಮೊದಲು ಕಾಲು ಗಂಟೆ ತಳ್ಳಾಟ-ಕುಣಿದಾಟ, ಆಮೇಲೆ ಕೌದಿ. ನಿಮ್ಮ ಮಗುವಿಗೆ ಇದು ತಿರುಗಾಮುರುಗಾ ಇರಬಹುದು, ಒಂದು ವಾರ ಸುಮ್ಮನೆ ಗಮನಿಸಿ. ಮಿಕ್ಸಿ ಭಯ ಈಗಲೂ ಹೋಗಿಲ್ಲ, ಹಾಕುವ ಮುಂಚೆ "ಮಿಕ್ಸಿ!" ಅಂತ ಕೂಗಿ ಹೇಳ್ತೀವಿ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ವಾಲಗ ಜೋರಾದಾಗ ಅಳಲಿಲ್ಲ, ಸೆರಗು ಎಳೆದು "ನಂಗೆ ಮೂಲೆ ಬೇಕು" ಅಂದ. ಕಾರಿನ ಹಿಂದಿನ ಸೀಟಲ್ಲಿ ಹತ್ತು ನಿಮಿಷ ಕೂತು, ವಾಪಸ್ ಬಂದು ಹೋಳಿಗೆ ತಿಂದ.

ಮಾಡುವವರು ಸ್ವಲ್ಪ ಹುಷಾರಾಗಿರಿ. ಕೂಸುಗಳಿಗೆ ಭಾರದ ಹೊದಿಕೆ ಬೇಡವೇ ಬೇಡ. ದೊಡ್ಡ ಮಕ್ಕಳಿಗೂ ತಾವೇ ಸರಿಸಿಕೊಳ್ಳುವಷ್ಟೇ ಭಾರ ಇರಲಿ. ಸೀರೆ ಜೋಕಾಲಿಯನ್ನು ಫ್ಯಾನಿನ ಕೊಕ್ಕೆಗೆ ಕಟ್ಟಬೇಡಿ, ದೊಡ್ಡವರಿಲ್ಲದಾಗ ಬಿಚ್ಚಿಡಿ. ಕೈಯಾಡಿಸೋಕೆ ಕಾಳು ಕೊಡೋದಾದರೆ ಮೂರು ವರ್ಷ ದಾಟಿರಲಿ, ಪಕ್ಕದಲ್ಲಿ ನೀವಿರಿ. ಗುಲಗಂಜಿ ವಿಷ, ಅದನ್ನಂತೂ ಕೊಡಲೇಬೇಡಿ. ನೀರಲ್ಲಿ ಉಬ್ಬುವ ಬಣ್ಣದ ಮಣಿಗಳೂ ಬೇಡ, ನುಂಗಿದರೆ ಹೊಟ್ಟೆಯೊಳಗೆ ಉಬ್ಬುತ್ತವೆ. ಮಾತು ತಡವಾಗಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಊಟ-ನಿದ್ದೆಯೇ ಕಷ್ಟವಾಗಿದ್ದರೆ ಮೂಲೆ ಕಟ್ಟುತ್ತಾ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಇಂಥ ಮಕ್ಕಳನ್ನು ನೋಡುತ್ತಾರೆ.